ಕಪ್ಪು ಬೆಕ್ಕಿನ ಫೋಟೋ ಚೆನ್ನಾಗಿ ಬರಲು 50 ಸಾವಿರದೊಳಗೆ ಯಾವ ಕ್ಯಾಮೆರಾ ತಗೊಳ್ಳಲಿ?

ಯಾವುದೂ ಬೇಡ. ಫೋನಿನಲ್ಲಿ ಬೆಕ್ಕು ಬೂದು ಬಣ್ಣದ ಮುದ್ದೆಯಾಗಿ, ಅದೂ ಮಸುಕಾಗಿ ಬರುತ್ತದೆ ಅಂದಿರಲ್ಲ, ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲೂ ಇದೇ ಗೋಳು ಇತ್ತು. ನಮ್ಮ ಕರಿಯನ ಮೈಮೇಲೆ ಹುಡುಕಿದರೂ ಒಂದು ಬಿಳಿ ಕೂದಲಿಲ್ಲ. ಪಕ್ಕದ ಮನೆಯ ಮರಾಠಿ ಚಿಕ್ಕಮ್ಮ ‘ಕಾಳೂ’ ಅಂತ ಕೂಗಿದರೆ ಮಾತ್ರ ಬಾಲ ಎತ್ತಿಕೊಂಡು ಓಡುತ್ತಾನೆ. ಅಲ್ಲಿ ಒಣ ಬೊಂಬಿಲ್ ಮೀನು ಸಿಗುತ್ತದಲ್ಲ!

ನಾನೂ ಫೋನನ್ನೇ ಬೈದುಕೊಂಡು ಮುಂಬೈ ಫೋರ್ಟಿನ ಬೋರಾ ಬಜಾರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಂದೆ. ಜೊತೆಗೆ 18-55 ಎಂಎಂ ಜೂಮ್ ಲೆನ್ಸ್. ಸಂಜೆ ಆಫೀಸಿನಿಂದ ಬಂದು ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಮತ್ತೆ ಅದೇ ಮುದ್ದೆ.

ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ನಿಮ್ಮ ದುಡ್ಡು ಹೋಗುವುದೂ ಇಲ್ಲೇ. ಎದುರಿಗೆ ಇರುವುದೆಲ್ಲ ಸೇರಿ ಮಧ್ಯಮ ಬೂದು ಬಣ್ಣ ಆಗಬೇಕು ಅಂತಲೇ ಕ್ಯಾಮೆರಾ ಬೆಳಕು ಅಳೆಯುತ್ತದೆ. ಫ್ರೇಮಿನ ತುಂಬ ಕಪ್ಪು ಬೆಕ್ಕು ಕೂತರೆ, ಇಲ್ಲಿ ಬರೀ ಕತ್ತಲೆ ಅಂದುಕೊಂಡು ಬೆಳಕು ಒಳಗೆ ಬಿಡುವ ಬಾಗಿಲನ್ನು, ಅಂದರೆ ಶಟರನ್ನು, ಜಾಸ್ತಿ ಹೊತ್ತು ತೆರೆದಿಡುತ್ತದೆ. ಕಪ್ಪು ಬೂದಾಗುವುದು ಇದರಿಂದ. 1/15 ಸೆಕೆಂಡ್ ತೆರೆದಿದ್ದರೆ ಬೆಕ್ಕು ಕಿವಿ ಅಲುಗಿಸಿದರೂ ಮಸುಕು. ಎರಡಕ್ಕೂ ಕಾರಣ ಒಂದೇ. ನನಗೆ ಇದು ತಿಳಿಯಲಿಲ್ಲ, ಬೆಳಕು ಸಾಲದು ಅಂತ ಫ್ಲ್ಯಾಷ್ ಹಾಕಿದೆ. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸ್ ಎಸೆಯುವ ಪದರ ಇದೆ, ಹಾಗಾಗಿ ಫೋಟೋದಲ್ಲಿ ಎರಡು ಹಸಿರು ಬೆಂಕಿ. ಆಮೇಲೆ ಕ್ಯಾಮೆರಾ ಬ್ಯಾಗಿನ ಜಿಪ್ ಸದ್ದಾದರೆ ಸಾಕು, ಕರಿಯ ಕಪಾಟಿನ ಹಿಂದೆ ಸೇರುತ್ತಿದ್ದ. ದುಡ್ಡಿಗಿಂತ ಅದೇ ಜಾಸ್ತಿ ಬೇಜಾರು.

ಈಗ ಫೋನಿನಲ್ಲೇ ತೆಗೆಯುತ್ತೇನೆ. ಬೆಕ್ಕಿನ ಮುಖದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನುಗಳಲ್ಲಿ ಪಕ್ಕದಲ್ಲೇ ಪುಟ್ಟ ಸೂರ್ಯನ ಗುರುತು ಬರುತ್ತದೆ. ಅದನ್ನು ಕೆಳಗೆ ಎಳೆಯಿರಿ. ಹೌದು, ಕಪ್ಪು ಬೆಕ್ಕಿಗೆ ಬೆಳಕು ಕಡಿಮೆ ಮಾಡಬೇಕು! ನೈಟ್ ಮೋಡ್ ಮುಟ್ಟಲೇಬೇಡಿ.

ಇನ್ನು ಜಾಗ. ನಮ್ಮ ಕಡೆ ಫ್ಲ್ಯಾಟಿನ ಕಿಟಕಿಗೆ ಹೊರಗೆ ಚಾಚಿದ ಗ್ರಿಲ್ ಇರುತ್ತದೆ, ಅಲ್ವಾ? ಬೆಕ್ಕು ಪಾರಿವಾಳ ನೋಡುತ್ತಾ ಅಲ್ಲೇ ಠಿಕಾಣಿ. ಆಗ ಒಳಗಿನಿಂದ ತೆಗೆದರೆ ಬರೀ ನೆರಳು. ಅದು ಇಳಿದು ಬಂದು ಕಿಟಕಿ ಹತ್ತಿರ ನೆಲದಲ್ಲಿ ಕಾಲು ಚಾಚುವವರೆಗೆ ಸುಮ್ನೆ ಕಾಯಿರಿ. ಆಮೇಲೆ ನೀವೂ ನೆಲದ ಮೇಲೆ ಬೋರಲು ಮಲಗಿ, ಕಿಟಕಿ ನಿಮ್ಮ ಪಕ್ಕಕ್ಕೆ ಬರಲಿ. ಬೆಳಕು ಓರೆಯಾಗಿ ಬಿದ್ದಾಗ ಕಪ್ಪು ಕೂದಲಿನ ಎಳೆ ಎಳೆಯೂ ಹೊಳೆಯುತ್ತದೆ, ಮೀಸೆ ಬೇರೆ ಬೇರೆಯಾಗಿ ಕಾಣುತ್ತದೆ, ಕಣ್ಣಲ್ಲಿ ಕಿಟಕಿಯ ಚೌಕ ಮೂಡುತ್ತದೆ. ಜುಲೈ ತಿಂಗಳ ಮೋಡದ ಬೆಳಕಿನಲ್ಲಂತೂ ಇಡೀ ದಿನ ತೆಗೆಯಬಹುದು. ಮಳೆಗಾಲ ಮುಗಿಯಲಿ ಅಂತ ಕಾಯುವವರ ಬುದ್ಧಿಗೆ ಏನು ಹೇಳಲಿ.

ಕ್ಯಾಮೆರಾ ಕಡೆ ನೋಡಿಸುವುದು ಹೇಗೆ ಅಂತಲೂ ಕೇಳಿದ್ದೀರಿ. ನೋಡಿಸಬೇಡಿ. ಬೊಂಬಿಲ್ ಪೊಟ್ಟಣ ಸರಸರ ಅನ್ನಿಸಿದರೆ ಒಮ್ಮೆ ತಿರುಗುತ್ತದೆ, ತಿನ್ನಲು ಕೊಡದಿದ್ದರೆ ಮುಂದಿನ ಸಲ ನಿಮ್ಮನ್ನು ನಂಬುವುದಿಲ್ಲ.

ಇಷ್ಟೆಲ್ಲ ಓದಿಯೂ ದುಡ್ಡು ಖರ್ಚು ಮಾಡಲೇಬೇಕು ಅಂತಿದ್ದರೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ತಗೊಂಡು ಅದಕ್ಕೆ 50 ಎಂಎಂ, ಎಫ್ 1.8 ಲೆನ್ಸ್ ಹಾಕಿಸಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ನನ್ನ 18-55 ಪೂರ್ತಿ ಜೂಮ್ ಮಾಡಿದಾಗ ಎಫ್ 5.6ರಲ್ಲಿ ನಿಲ್ಲುತ್ತದೆ. ಈ 50 ಎಂಎಂ ಲೆನ್ಸ್ ಅದಕ್ಕಿಂತ ಹೆಚ್ಚುಕಡಿಮೆ 10 ಪಟ್ಟು ಬೆಳಕು ಒಳಗೆ ಬಿಡುತ್ತದೆ.