ಕ್ರೀಡಾ ವಿದ್ಯಾರ್ಥಿವೇತನದ ಒಪ್ಪಂದ: ಸಹಿಗೆ ಮೊದಲು

ಪ್ರಶ್ನೆ: ನನ್ನ ಮಗಳು ದಾವಣಗೆರೆಯಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. 400 ಮೀಟರ್ ಹರ್ಡಲ್ಸ್‌ನಲ್ಲಿ ರಾಜ್ಯ ಮಟ್ಟದ ಪದಕ ಪಡೆದಿದ್ದಾಳೆ. ಬೆಂಗಳೂರಿನ ಏಜೆನ್ಸಿಯೊಂದರ ಮೂಲಕ ಪರಿಚಯವಾದ ಅಮೆರಿಕದ ವಿಶ್ವವಿದ್ಯಾಲಯದ ಕೋಚ್, ನಾಲ್ಕು ವರ್ಷವೂ ಅವಳ ಖರ್ಚು ನೋಡಿಕೊಳ್ಳುವುದಾಗಿ ವಿಡಿಯೊ ಕರೆಯಲ್ಲಿ ಹೇಳಿದರು. ಈಗ ಬಂದಿರುವ ಒಪ್ಪಂದಪತ್ರದಲ್ಲಿ ಬೋಧನಾ ಶುಲ್ಕದ ಶೇ 60ರಷ್ಟು ಎಂದಿದ್ದು, ಒಂದು ವಾರದೊಳಗೆ ಸಹಿ ಮಾಡಬೇಕಂತೆ. ಏಜೆನ್ಸಿಯವರು ವಿದ್ಯಾರ್ಥಿವೇತನದ ಶೇ 10ರಷ್ಟನ್ನು ತಮಗೆ ಕೊಡಬೇಕೆನ್ನುತ್ತಾರೆ. ಸಹಿ ಮಾಡಬಹುದೇ? ಮುಂದೆ ಗಾಯವಾದರೆ ಗತಿಯೇನು?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಮಗಳ ಸಾಧನೆ ನಿಜಕ್ಕೂ ಸಂತೋಷ ತರುವಂಥದ್ದು, ಅವಳಿಗೆ ಅಭಿನಂದನೆಗಳು. ಆದರೆ ಈ ವಾರ ಸಹಿ ಮಾಡಬೇಡಿ ಎಂಬುದೇ ನನ್ನ ಸಲಹೆ. ಕೋಚ್ ಸುಳ್ಳು ಹೇಳುತ್ತಿದ್ದಾರೆಂದು ನಾನು ಭಾವಿಸಿಲ್ಲ. ಆದರೆ ಅವರು ಬಾಯಲ್ಲಿ ಹೇಳಿದ ನಾಲ್ಕು ವರ್ಷ ಮತ್ತು ಕಾಗದದಲ್ಲಿರುವ ಶೇ 60 ಇವೆರಡರ ನಡುವೆ ದೊಡ್ಡ ಅಂತರವಿದೆ, ಮತ್ತು ವಿಶ್ವವಿದ್ಯಾಲಯವನ್ನು ಹೊಣೆಗಾರನನ್ನಾಗಿ ಮಾಡುವುದು ಕಾಗದ ಮಾತ್ರ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಬಾಯಿಮಾತಿನ ಒಪ್ಪಿಗೆ ಎರಡೂ ಕಡೆಯವರನ್ನು ಕಟ್ಟಿಹಾಕುವುದಿಲ್ಲ. ಅಲ್ಲದೆ ನಿಮ್ಮ ಮಗಳು ಒಪ್ಪಂದ ಮಾಡಿಕೊಳ್ಳುವುದು ವಿಶ್ವವಿದ್ಯಾಲಯದೊಂದಿಗೆ, ಕೋಚ್‌ನೊಂದಿಗೆ ಅಲ್ಲ. ಆ ಕೋಚ್ ನಾಳೆ ಬೇರೆ ಕಡೆ ಕೆಲಸಕ್ಕೆ ಸೇರಿದರೆ ಅವರು ಆಡಿದ ಮಾತು ಅವರೊಂದಿಗೇ ಹೋಗುತ್ತದೆ.

ಪತ್ರದಲ್ಲಿ ಮೊದಲು ನೆರವಿನ ಅವಧಿಯನ್ನು ಹುಡುಕಿ. ಒಂದು ಆಗಸ್ಟ್‌ನಿಂದ ಮುಂದಿನ ಮೇ ತಿಂಗಳವರೆಗೆ ಎಂದು ದಿನಾಂಕಗಳಿದ್ದರೆ ಅದು ಒಂದೇ ಶೈಕ್ಷಣಿಕ ವರ್ಷದ ನೆರವು. ಪ್ರತಿ ವರ್ಷವೂ ಅದನ್ನು ನವೀಕರಿಸಬೇಕಾಗುತ್ತದೆ, ನವೀಕರಣವಾಗದಿರುವ ಸಾಧ್ಯತೆಯೂ ಇರುತ್ತದೆ. ಅಲ್ಲಿನ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಅತ್ಯುನ್ನತ ಹಂತವಾದ ‘ಡಿವಿಷನ್ ಒಂದು’ ಇದರ ನಿಯಮಗಳಲ್ಲಿ ಒಂದಕ್ಕಿಂತ ಹೆಚ್ಚು ವರ್ಷಗಳ ನೆರವನ್ನು ಬರವಣಿಗೆಯಲ್ಲಿ ಕೊಡಲು ಅವಕಾಶವಿದೆ. ಕೋಚ್ ನಾಲ್ಕು ವರ್ಷವೆಂದಿರುವುದರಿಂದ, ಅದನ್ನೇ ಪತ್ರದಲ್ಲಿ ಬರೆದು ಕಳಿಸಿರೆಂದು ಕೇಳುವುದು ಸಂಕೋಚಪಡುವ ವಿಷಯವೇ ಅಲ್ಲ. ಗಾಯದ ಪ್ರಶ್ನೆಗೂ ಉತ್ತರ ಈ ಅವಧಿಯಲ್ಲೇ ಇದೆ. ಸಹಿಯಾದ ಅವಧಿಯೊಳಗೆ ಗಾಯಗೊಂಡರೆಂದೋ, ಓಟ ನಿರೀಕ್ಷೆಯಂತೆ ಬರಲಿಲ್ಲವೆಂದೋ ನೆರವನ್ನು ಕಡಿತಗೊಳಿಸುವಂತಿಲ್ಲ. ವಿದ್ಯಾರ್ಥಿ ತಾನೇ ತಂಡ ಬಿಟ್ಟರೆ, ಅನರ್ಹಗೊಂಡರೆ, ಗಂಭೀರ ದುರ್ನಡತೆಯಲ್ಲಿ ಸಿಕ್ಕಿಬಿದ್ದರೆ ಅಥವಾ ಅರ್ಜಿಯಲ್ಲಿ ಸುಳ್ಳು ಮಾಹಿತಿ ಕೊಟ್ಟಿದ್ದರೆ, ಇಂಥ ಸಂದರ್ಭಗಳಲ್ಲಿ ಕಡಿತ ಸಾಧ್ಯ. ಅವಧಿ ಮುಗಿದ ಮೇಲೂ ಈ ರಕ್ಷಣೆ ಎಲ್ಲ ಕಡೆ ಇರುತ್ತದೆ ಎನ್ನಲಾಗದ ಕಾರಣದಿಂದಲೇ ನಾನು ದಿನಾಂಕಗಳ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಶೇ 60 ಎಂಬುದು ಬೋಧನಾ ಶುಲ್ಕದ ಪಾಲು ಮಾತ್ರ. ವಸತಿ, ಊಟ, ಆರೋಗ್ಯ ವಿಮೆ, ಪುಸ್ತಕ, ವಿಮಾನ ಪ್ರಯಾಣ ಎಲ್ಲವೂ ನಿಮ್ಮ ಕೈಯಿಂದಲೇ ಹೋಗಬೇಕು. ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಐ-20 ಪತ್ರವನ್ನು ಕೊಡುವ ಮೊದಲು, ವಿದ್ಯಾರ್ಥಿವೇತನ ಕಳೆದು ಉಳಿಯುವ ಮೊತ್ತವನ್ನು ಕುಟುಂಬ ಭರಿಸಬಲ್ಲದು ಎಂಬುದಕ್ಕೆ ಬ್ಯಾಂಕ್ ದಾಖಲೆಗಳನ್ನು ವಿಶ್ವವಿದ್ಯಾಲಯ ಕೇಳುತ್ತದೆ. ಆದ್ದರಿಂದ ಒಂದು ವರ್ಷದ ಒಟ್ಟು ವೆಚ್ಚದ ಲೆಕ್ಕವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಮುಂದೆಂದಾದರೂ ವಸತಿ ಮತ್ತು ಊಟಕ್ಕೂ ನೆರವು ಸಿಕ್ಕರೆ, ಆ ಭಾಗ ಅಮೆರಿಕದ ಕಾನೂನಿನಂತೆ ತೆರಿಗೆಗೆ ಒಳಪಡುತ್ತದೆ, ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಸಾಮಾನ್ಯವಾಗಿ ಶೇ 14ರಷ್ಟು ಮುಂಗಡವಾಗಿಯೇ ಮುರಿದುಕೊಳ್ಳುತ್ತಾರೆ. ಬೋಧನಾ ಶುಲ್ಕಕ್ಕೆ ಸಿಗುವ ನೆರವಿಗೆ ಈ ತೆರಿಗೆ ಇಲ್ಲ. ಅಲ್ಲಿ ಕೆಲಸ ಮಾಡಿ ಉಳಿದದ್ದನ್ನು ಹೊಂದಿಸಿಕೊಳ್ಳುತ್ತಾಳೆಂದು ಯಾರಾದರೂ ಹೇಳಿದರೆ ನಂಬಿ ಕೂರಬೇಡಿ. ತರಗತಿ ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯಷ್ಟೇ ಅನುಮತಿ, ಅಭ್ಯಾಸ ಮತ್ತು ಸ್ಪರ್ಧೆಗಳ ನಡುವೆ ಅಷ್ಟೂ ಸಮಯ ಸಿಗುವುದು ಕಷ್ಟ. 2025ರ ಜುಲೈನಿಂದ ಕೆಲವು ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಪಾವತಿಸುತ್ತಿವೆ ಎಂಬ ಸುದ್ದಿಯನ್ನೂ ನೀವು ಓದಿರಬಹುದು. ಎಫ್-1 ವೀಸಾದವರು ಅಂಥ ಹಣವನ್ನಾಗಲಿ ಜಾಹೀರಾತಿನ ಹಣವನ್ನಾಗಲಿ ಮುಟ್ಟುವ ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯನ್ನು ಕೇಳಲೇಬೇಕು. ಇಲ್ಲದಿದ್ದರೆ ವೀಸಾಕ್ಕೇ ಕುತ್ತು ಬರಬಹುದು.

ನನಗೆ ಹೆಚ್ಚು ಆತಂಕ ತಂದದ್ದು ಏಜೆನ್ಸಿಯ ಬೇಡಿಕೆ. ವಿದ್ಯಾರ್ಥಿಯ ವಿವರಗಳನ್ನು ಕಾಲೇಜುಗಳಿಗೆ ತಲುಪಿಸಲು ನಿಗದಿತ ಶುಲ್ಕ ಪಡೆಯುವುದಕ್ಕೆ ಎನ್‌ಸಿಎಎ ಅಡ್ಡಿಪಡಿಸುವುದಿಲ್ಲ. ಆದರೆ ಸೀಟು ಸಿಕ್ಕಿತೆಂದೋ, ಇಂತಿಷ್ಟು ವಿದ್ಯಾರ್ಥಿವೇತನ ದೊರೆಯಿತೆಂದೋ ಅದರಲ್ಲಿ ಪಾಲು ಕೇಳುವುದು ನಿಯಮಕ್ಕೆ ವಿರುದ್ಧ, ಮತ್ತು ಅದರ ದಂಡ ತೆರಬೇಕಾದವಳು ಏಜೆನ್ಸಿಯಲ್ಲ, ನಿಮ್ಮ ಮಗಳು. ಆಡುವ ಅರ್ಹತೆಯೇ ಕೈತಪ್ಪಬಹುದು. ಶೇ 10ರ ಕರಾರಿಗೆ ಯಾವ ಕಾರಣಕ್ಕೂ ಒಪ್ಪಬೇಡಿ, ಈಗಾಗಲೇ ಏನಾದರೂ ಬರೆದುಕೊಟ್ಟಿದ್ದರೆ ಅದನ್ನು ವಿಶ್ವವಿದ್ಯಾಲಯದ ಕ್ರೀಡಾ ನಿಯಮಪಾಲನೆ ಕಚೇರಿಗೆ ಮುಚ್ಚಿಡದೆ ತಿಳಿಸಿ.

ಈ ವಿಷಯದ ಹಳೆಯ ಬರಹಗಳಲ್ಲಿ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ ಎಂಬ, ಒಂದು ಕಾಲೇಜಿಗೆ ಸೇರುವುದಾಗಿ ಬರೆದುಕೊಡುವ ಪತ್ರದ ಹೆಸರು ಎದುರಾಗುತ್ತದೆ. 1964ರಿಂದ ನಡೆದುಬಂದ ಆ ಪದ್ಧತಿಯನ್ನು 2024ರ ಅಕ್ಟೋಬರ್‌ನಲ್ಲಿ ಕೈಬಿಡಲಾಗಿದೆ, ಈಗ ಅದರ ಜಾಗದಲ್ಲಿರುವುದು ನಿಮಗೆ ಬಂದಿರುವಂಥ ಆರ್ಥಿಕ ನೆರವಿನ ಒಪ್ಪಂದವೇ. ಇದಕ್ಕೆ ಸಹಿಯಾದ ಮೇಲೆ ಬೇರೆ ಕಾಲೇಜುಗಳ ಕೋಚ್‌ಗಳು ಅವಳನ್ನು ಸೆಳೆಯಲು ಸಂಪರ್ಕಿಸುವಂತಿಲ್ಲ. ಬೇರೆಡೆಯ ಮಾತುಕತೆ ಇನ್ನೂ ನಡೆಯುತ್ತಿದ್ದರೆ ಇದನ್ನು ಗಮನದಲ್ಲಿಡಿ. ಸಹಿಯೊಂದರಿಂದಲೇ ಪ್ರವೇಶವಾಗಲಿ ಆಡುವ ಅರ್ಹತೆಯಾಗಲಿ ಸಿಗುವುದಿಲ್ಲ. ವಿಶ್ವವಿದ್ಯಾಲಯದ ಪ್ರವೇಶಪತ್ರ ಬೇರೆಯಾಗಿಯೇ ಬರಬೇಕು. ಎನ್‌ಸಿಎಎಯ ಅರ್ಹತಾ ಕೇಂದ್ರದಲ್ಲಿ ನೋಂದಾಯಿಸಿ, ಒಂಬತ್ತನೇ ತರಗತಿಯಿಂದ ಪಿಯುಸಿವರೆಗಿನ ಅಂಕಪಟ್ಟಿಗಳನ್ನು ಒದಗಿಸಬೇಕು. ಡಿವಿಷನ್ ಒಂದಕ್ಕೆ 16 ಮುಖ್ಯ ಕೋರ್ಸ್‌ಗಳಲ್ಲಿ, ನಾಲ್ಕರ ಅಳತೆಯಲ್ಲಿ, ಕನಿಷ್ಠ 2.3 ಗ್ರೇಡ್ ಸರಾಸರಿ ಬೇಕು. ಅವಳು ಈವರೆಗೆ ಪಡೆದ ನಗದು ಬಹುಮಾನಗಳನ್ನೂ, ಎಷ್ಟೇ ಚಿಕ್ಕದಿರಲಿ, ಅಲ್ಲಿ ನಮೂದಿಸಿ.

ಕೋಚ್‌ಗೆ ಇಂದೇ ಇಮೇಲ್ ಬರೆದು, ಅವಧಿ, ಒಟ್ಟು ವೆಚ್ಚ, ಗಾಯದ ಚಿಕಿತ್ಸೆಯ ಖರ್ಚು ಈ ಮೂರಕ್ಕೂ ಲಿಖಿತ ಉತ್ತರ ಕೇಳಿ, ಉತ್ತರ ಬರುವವರೆಗೆ ಗಡುವನ್ನು ಮುಂದೂಡಲು ವಿನಂತಿಸಿ. ನಿಜವಾಗಿ ಅವಳು ಬೇಕೆನ್ನುವ ತಂಡ ಇದಕ್ಕೆ ಮುನಿಸಿಕೊಳ್ಳುವುದಿಲ್ಲ.

ಪ್ರಶ್ನೆ: ನನ್ನ ಮಗನಿಗೆ 17 ವರ್ಷ, ಒಳ್ಳೆಯ ಕಬಡ್ಡಿ ಆಟಗಾರ. ಬೇರೆ ಜಿಲ್ಲೆಯ ಖಾಸಗಿ ಪದವಿ ಕಾಲೇಜೊಂದು ಉಚಿತ ಸೀಟು ಮತ್ತು ಹಾಸ್ಟೆಲ್ ಕೊಡುತ್ತದಂತೆ. ಮೂರು ವರ್ಷ ಅವರ ಪರವಾಗಿಯೇ ಆಡಬೇಕು, ನಡುವೆ ಬಿಟ್ಟರೆ ಪೂರ್ತಿ ಶುಲ್ಕ ಕಟ್ಟಬೇಕು ಎಂದು ಛಾಪಾಕಾಗದದಲ್ಲಿ ಬರೆಸಿಕೊಂಡು, ಮೂಲ ಅಂಕಪಟ್ಟಿಗಳನ್ನು ತಾವೇ ಇಟ್ಟುಕೊಳ್ಳುತ್ತಾರೆ. ಇದು ಸರಿಯೇ?
– ಓದುಗರು, ಚಿತ್ರದುರ್ಗ

ಉತ್ತರ: ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವುದು ಸರಿಯಲ್ಲ. ಪ್ರವೇಶದ ವೇಳೆ ಮೂಲ ದಾಖಲೆಗಳನ್ನು ನಿಮ್ಮೆದುರಿಗೇ ಪರಿಶೀಲಿಸಿ ಕೂಡಲೇ ಹಿಂದಿರುಗಿಸಬೇಕೆಂದು ಯುಜಿಸಿ 2018ರಲ್ಲಿಯೇ ಸ್ಪಷ್ಟಪಡಿಸಿದೆ. ದೃಢೀಕರಿಸಿದ ಪ್ರತಿಗಳನ್ನಷ್ಟೇ ಕೊಡಿ.

ಕರಾರಿನ ವಿಷಯದಲ್ಲಿ, 18 ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ 1872ರ ಭಾರತೀಯ ಕರಾರು ಕಾಯ್ದೆಯಡಿ ಬೆಲೆಯಿಲ್ಲ. ಆದರೆ ಅದೇ ಕಾಗದದಲ್ಲಿ ಹಣದ ಹೊಣೆ ಹೊತ್ತು ನೀವು ಸಹಿ ಮಾಡಿದರೆ ಅದು ನಿಮ್ಮ ಮೇಲೆ ಬರಬಹುದು. ಕಾಗದದಲ್ಲಿ ಬರೆದ ಮೊತ್ತವನ್ನು ಕಾಲೇಜು ಹಾಗೆಯೇ ವಸೂಲು ಮಾಡಲಾಗದು, ನ್ಯಾಯಾಲಯ ಸಮಂಜಸವೆಂದು ಕಂಡಷ್ಟು ಪರಿಹಾರವನ್ನೇ ಕೊಡಿಸುತ್ತದೆ. ಹಾಗಿದ್ದರೂ ಕೋರ್ಟಿಗೆ ಅಲೆಯುವ ಬದಲು, ಗಾಯವಾದರೆ ಅಥವಾ ತಂಡದಿಂದ ಅವರೇ ಕೈಬಿಟ್ಟರೆ ಸೀಟು ಮತ್ತು ಹಾಸ್ಟೆಲ್ ಮುಂದುವರಿಯುತ್ತವೆ ಎಂಬ ಸಾಲನ್ನು ಈಗಲೇ ಸೇರಿಸಲು ಹೇಳಿ, ಸಹಿಯಾದ ಪ್ರತಿಯನ್ನು ಪಡೆದುಕೊಳ್ಳಿ. ಕರಡನ್ನು ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಮ್ಮೆ ತೋರಿಸಿ. 18ರೊಳಗಿನ ಮಕ್ಕಳಿಗೆ ಅಲ್ಲಿ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ.