ಓದುಗರ ಪ್ರಶ್ನೆ: ಫುಟ್‌ಪಾತಿನ ಹಿಮವನ್ನು ತೆಗೆಯಬೇಕಾದವರು ಯಾರು, ತೆಗೆಯುವ ಬಗೆ ಹೇಗೆ?

ಪ್ರಶ್ನೆ: ನಾವಿರುವ ಬೀದಿ ಇಳಿಜಾರಿನದು. ಹಿಮ ಬಿದ್ದಾಗ ಬಸ್ಸು ಓಡುವ ಮುಖ್ಯರಸ್ತೆಗೆ ಕೌನ್ಸಿಲ್‌ನವರು (ಸ್ಥಳೀಯ ಆಡಳಿತದವರು) ಉಪ್ಪು ಹಾಕುತ್ತಾರೆ, ಆದರೆ ಒಳಬೀದಿಯ ಫುಟ್‌ಪಾತ್ ಗಟ್ಟಿ ಮಂಜುಗಡ್ಡೆಯಾಗಿಯೇ ಉಳಿಯುತ್ತದೆ. ಎದುರು ಮನೆಯ ವೃದ್ಧ ದಂಪತಿಗಳು ಅಂಥ ದಿನಗಳಲ್ಲಿ ಹೊರಗೇ ಬರುವುದಿಲ್ಲ. ನೆರೆಯ ಕೆಲವರು ಸೇರಿ ಏನಾದರೂ ಮಾಡಬೇಕೆಂದಿದ್ದೇವೆ. ಎಲ್ಲಿಂದ ಆರಂಭಿಸಬೇಕು? ಬಿಸಿನೀರು ಸುರಿದರೆ ಬೇಗ ಕರಗುವುದಿಲ್ಲವೇ?
— ಓದುಗರೊಬ್ಬರು, ಲೀಡ್ಸ್, ಇಂಗ್ಲೆಂಡ್

ಉತ್ತರ: ಬಿಸಿನೀರನ್ನು ಖಂಡಿತ ಸುರಿಯಬೇಡಿ. ಆ ಕ್ಷಣಕ್ಕೆ ಹಿಮ ಕರಗಿದಂತೆ ಕಂಡರೂ ಹರಿದುಹೋಗದೆ ಉಳಿದ ನೀರು ಸ್ವಲ್ಪ ಹೊತ್ತಿನಲ್ಲಿಯೇ ಮತ್ತೆ ಹೆಪ್ಪುಗಟ್ಟಿ, ನೆಲದ ಬಣ್ಣದಲ್ಲಿಯೇ ಬೆರೆತುಹೋಗುವ ಪಾರದರ್ಶಕ ಪದರವಾಗುತ್ತದೆ. ಬ್ಲ್ಯಾಕ್ ಐಸ್ ಎಂದು ಕರೆಯುವುದು ಇದನ್ನೇ. ಬಿಳಿಯ ಹಿಮವನ್ನು ಕಂಡವರು ಎಚ್ಚರಿಕೆಯಿಂದ ಹೆಜ್ಜೆ ಇಡುತ್ತಾರೆ, ಕಣ್ಣಿಗೆ ಕಾಣದ ಈ ಪದರದ ಮೇಲೆ ಯಾರೂ ಹಾಗೆ ಇಡುವುದಿಲ್ಲ.

ಕೆಲಸದ ಅರ್ಧ ಯಶಸ್ಸು ಹೊತ್ತನ್ನು ಅವಲಂಬಿಸಿದೆ. ಜನರು ತುಳಿದು ಗಟ್ಟಿಯಾಗುವ ಮೊದಲು, ಹಿಮ ಇನ್ನೂ ಸಡಿಲವಾಗಿರುವಾಗ, ಬೆಳಗ್ಗೆ ಬೇಗನೆ ಸಲಿಕೆ ಹಿಡಿದರೆ ಶ್ರಮವೂ ಕಡಿಮೆ, ಅಡಿಯಲ್ಲಿ ಉಳಿದ ತೆಳುವಾದ ಪದರವನ್ನು ಹಗಲಿನ ಬಿಸಿಲೇ ಕರಗಿಸುವ ಸಾಧ್ಯತೆಯೂ ಹೆಚ್ಚು. ಮೊದಲು ದಾರಿಯ ನಡುವೆ ಒಂದು ಪಟ್ಟಿಯನ್ನು ತೆರವು ಮಾಡಿಕೊಂಡು, ಅದರ ಮೇಲೆ ನಿಂತು ಎರಡೂ ಬದಿಗಳಿಗೆ ಕೈಹಾಕಿರಿ. ತೆಗೆದ ಹಿಮದ ರಾಶಿ ಚರಂಡಿಯ ಬಾಯಿಗಾಗಲಿ, ಪಕ್ಕದ ಮನೆಯವರ ದಾರಿಗಾಗಲಿ ಅಡ್ಡವಾಗಬಾರದು. ನಿಮ್ಮದು ಇಳಿಜಾರಾದ್ದರಿಂದ ಇನ್ನೊಂದು ಮಾತು: ರಾಶಿಯನ್ನು ದಾರಿಯ ಮೇಲ್ಬದಿಗೆ ಹಾಕಿದರೆ ಮಧ್ಯಾಹ್ನ ಅದು ಕರಗಿ, ನೀವು ಹಸನು ಮಾಡಿದ ಜಾಗದ ಮೇಲೆಯೇ ಹರಿದು, ರಾತ್ರಿ ಅಲ್ಲಿಯೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಸಾಧ್ಯವಿರುವಲ್ಲೆಲ್ಲ ತಗ್ಗಿನ ಬದಿಗೇ ಹಾಕಿರಿ.

ಉಪ್ಪು ಹಾಕುವುದು ಇದರ ನಂತರದ ಕೆಲಸ, ಅದಕ್ಕೆ ಸಂಜೆಯೇ ತಕ್ಕ ಹೊತ್ತು. ಉಪ್ಪು ನೀರಿನ ಹೆಪ್ಪುಗಟ್ಟುವ ಉಷ್ಣಾಂಶವನ್ನು ಕೆಳಕ್ಕೆ ಇಳಿಸುವುದರಿಂದ ರಾತ್ರಿಯ ಚಳಿಯಲ್ಲಿ ಹೊಸ ಪದರ ಕಟ್ಟಲು ಬಿಡುವುದಿಲ್ಲ. ಒಂದು ಚದರ ಮೀಟರ್ ಜಾಗಕ್ಕೆ ಒಂದು ದೊಡ್ಡ ಚಮಚದಷ್ಟು ಉಪ್ಪು ಸಾಕು, ಅಡುಗೆಯ ಉಪ್ಪಾದರೂ ಆದೀತು. ಹಿಡಿಗಟ್ಟಲೆ ಎರಚುವ ಉತ್ಸಾಹದಿಂದ ಹುಲ್ಲು ಮತ್ತು ಗಿಡಗಳು ಸುಡುತ್ತವೆಯೇ ಹೊರತು ದಾರಿಯೇನೂ ಹೆಚ್ಚು ಸುರಕ್ಷಿತವಾಗುವುದಿಲ್ಲ. ಬೀದಿ ಮೂಲೆಯಲ್ಲಿ ದಾರಿಗೆ ಹಾಕಲೆಂದು ಇಟ್ಟ ಗ್ರಿಟ್ ಪೆಟ್ಟಿಗೆಯಲ್ಲಿರುವ ಕಂದು ಬಣ್ಣದ ಉಪ್ಪು ಚೆಷೈರ್‌ನ ವಿನ್ಸ್‌ಫರ್ಡ್‌ನಂಥ ಗಣಿಗಳಿಂದ ಬರುವಂಥದು. ವಾಹನಗಳ ಚಕ್ರಕ್ಕೆ ಸಿಕ್ಕಿ ಅರೆದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಜನಸಂಚಾರ ವಿರಳವಾದ ಫುಟ್‌ಪಾತಿನಲ್ಲಿ ಅಷ್ಟು ಬೇಗ ಫಲ ಕಾಣದು. ಆ ಪೆಟ್ಟಿಗೆ ಸಾರ್ವಜನಿಕ ದಾರಿಗಳಿಗಾಗಿ ಇರುವುದು, ಸ್ವಂತ ಕಾರಿನ ಹಾದಿಗಲ್ಲ. ಬಳಸುವ ಮುನ್ನ ಅದರ ನಿಯಮವನ್ನು ಕೌನ್ಸಿಲ್‌ನಲ್ಲಿ ವಿಚಾರಿಸಿರಿ. ಉಪ್ಪು ಸಿಗದಿದ್ದರೆ ಮರಳು ಅಥವಾ ಬೂದಿ ಹಾಕಬಹುದು. ಇವು ಹಿಮವನ್ನು ಕರಗಿಸುವುದಿಲ್ಲ, ಕಾಲಿಗೆ ಹಿಡಿತವನ್ನು ಮಾತ್ರ ಕೊಡುತ್ತವೆ.

ಇನ್ನು ಜನರನ್ನು ಸೇರಿಸುವ ವಿಚಾರ. ಪ್ರತಿಯೊಬ್ಬರೂ ತಮ್ಮ ತಮ್ಮ ಮನೆಯ ಮುಂದೆ ಗುಡಿಸಿದರಾಯಿತು ಎಂಬ ಏರ್ಪಾಡು ನೋಡಲು ನ್ಯಾಯವಾಗಿ ತೋರಿದರೂ ನನಗೆ ಅದು ಸರಿಯೆನಿಸುವುದಿಲ್ಲ. ಬೀಗ ಹಾಕಿದ ನಾಲ್ಕು ಮನೆಗಳ ಮುಂದಿನ ಹಿಮ ಹಾಗೆಯೇ ಉಳಿದರೆ, ಹಸನಾದ ದಾರಿಯಲ್ಲಿ ಧೈರ್ಯವಾಗಿ ನಡೆದುಬಂದ ಅಜ್ಜಿ ಜಾರುವುದು ಅಲ್ಲಿಯೇ. ಆದಕಾರಣ ಮನೆಗಳನ್ನು ಬಿಟ್ಟು ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿರಿ: ಎದುರು ಮನೆಯ ವೃದ್ಧರ ಬಾಗಿಲಿನಿಂದ ಬಸ್ ನಿಲ್ದಾಣದವರೆಗೆ, ಅಲ್ಲಿಂದ ವೈದ್ಯರ ಬಳಿಗೆ ಮತ್ತು ಔಷಧದ ಅಂಗಡಿಗೆ, ಎಲ್ಲಿಯೂ ತುಂಡಾಗದಂತೆ, ಒಂದೇ ಬದಿಯ ಫುಟ್‌ಪಾತ್. ಗಾಲಿಕುರ್ಚಿಯೋ ಮಗುವಿನ ತಳ್ಳುಗಾಡಿಯೋ ಹೋಗುವಷ್ಟು ಅಗಲವಿರಲಿ, ರಸ್ತೆ ದಾಟುವ ಮೂಲೆಯ ಇಳಿಜಾರನ್ನು ಮರೆಯದಿರಿ. ಈ ದಾರಿಯನ್ನು ತುಂಡುಗಳಾಗಿ ಹಂಚಿಕೊಂಡು, ಊರಿನಲ್ಲಿ ಇಲ್ಲದವರ ಬದಲಿಗೆ ಒಂದಿಬ್ಬರನ್ನು ಇಟ್ಟುಕೊಂಡು, ಸಂಜೆ ಹವಾಮಾನ ಇಲಾಖೆಯಾದ ಮೆಟ್ ಆಫೀಸಿನ ಮುನ್ಸೂಚನೆ ನೋಡಿ ಉಳಿದವರಿಗೆ ತಿಳಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿರಿ. ಅನೇಕ ಕೌನ್ಸಿಲ್‌ಗಳಲ್ಲಿ ‘ಸ್ನೋ ವಾರ್ಡನ್’ ಎಂಬ ಸ್ವಯಂಸೇವಕರ ಯೋಜನೆಯಿದ್ದು, ಸೇರಿದವರಿಗೆ ಉಪ್ಪು ಮತ್ತು ಸಲಕರಣೆಗಳನ್ನು ಕೊಡುವುದುಂಟು. ಈ ವಿಚಾರಣೆಯನ್ನು ಅಕ್ಟೋಬರಿನಲ್ಲಿಯೇ ಮುಗಿಸಿರಿ, ಮೊದಲ ಹಿಮ ಬಿದ್ದ ದಿನ ಅಂಗಡಿಗಳಲ್ಲಿ ಸಲಿಕೆ ಸಿಗುವುದೂ ಕಷ್ಟ. ತೀರ ಕೆಟ್ಟ ದಿನಗಳಲ್ಲಿ ಆ ದಂಪತಿಗಳಿಗೆ ದಾರಿ ಮಾಡಿಕೊಡುವುದಕ್ಕಿಂತ ಅವರ ಔಷಧ ಮತ್ತು ಹಾಲನ್ನು ಮನೆಗೇ ತಲುಪಿಸುವುದು ಲೇಸು.

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ನಮ್ಮ ಮಗ ಚಳಿಗಾಲದಲ್ಲಿ ಬೀದಿಯ ಹಿಮ ತೆಗೆಯಲು ಹೋಗುತ್ತಾನಂತೆ. ಅದು ಅಲ್ಲಿನ ಪುರಸಭೆಯ ಕೆಲಸವಲ್ಲವೇ? ಅವನು ತೆಗೆದ ಜಾಗದಲ್ಲಿ ಯಾರಾದರೂ ಬಿದ್ದರೆ ಇವನ ಮೇಲೆಯೇ ದಾವೆ ಹೂಡುತ್ತಾರೆಂದು ಪರಿಚಿತರು ಹೆದರಿಸಿದ್ದಾರೆ. ಡಿಸೆಂಬರಿನಲ್ಲಿ ನಾವೂ ಅಲ್ಲಿಗೆ ಹೊರಟಿದ್ದೇವೆ.
— ತಾಯಿಯೊಬ್ಬರು, ಶಿರಸಿ

ಉತ್ತರ: ಅಮ್ಮಾ, ನಿಮ್ಮ ಮೊದಲ ಪ್ರಶ್ನೆ ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಗಿತ್ತು. ರಸ್ತೆಯನ್ನು ಸುಸ್ಥಿತಿಯಲ್ಲಿಡುವ ಹೊಣೆಯೊಳಗೆ ಮಂಜುಗಡ್ಡೆ ಕಟ್ಟದಂತೆ ನೋಡಿಕೊಳ್ಳುವುದು ಸೇರುವುದಿಲ್ಲವೆಂದು ಅದು 2000ರಲ್ಲಿ ತೀರ್ಪಿತ್ತಿತು. ಬಳಿಕ 2003ರ ಕಾಯ್ದೆಯೊಂದರ ಮೂಲಕ 1980ರ ಹೆದ್ದಾರಿ ಕಾಯ್ದೆಗೆ ತಿದ್ದುಪಡಿಯಾಗಿ, ಹಿಮ ಮತ್ತು ಮಂಜುಗಡ್ಡೆಯಿಂದ ಸಂಚಾರಕ್ಕೆ ಅಪಾಯವಾಗದಂತೆ ‘ಸಾಧ್ಯವಾದಷ್ಟರ ಮಟ್ಟಿಗೆ’ ನೋಡಿಕೊಳ್ಳುವ ಹೊಣೆ ರಸ್ತೆ ಪ್ರಾಧಿಕಾರಗಳ ಮೇಲೆ ಬಿತ್ತು. ಆ ಸಾಧ್ಯತೆಯ ಮಿತಿಯೊಳಗೆ ಮುಖ್ಯರಸ್ತೆಗಳಿಗೆ ಮೊದಲ ಸ್ಥಾನ, ಒಳಬೀದಿಯ ಫುಟ್‌ಪಾತಿಗೆ ಸರದಿ ಬರುವುದೇ ಅಪರೂಪ. ನಿಮ್ಮ ಮಗ ತುಂಬುತ್ತಿರುವುದು ಆ ಕೊರತೆಯನ್ನು.

ದಾವೆಯ ಭಯ ಅಲ್ಲಿ ಹುಟ್ಟಿದವರಲ್ಲಿಯೂ ಇದೆ. ಫುಟ್‌ಪಾತಿನ ಹಿಮ ತೆಗೆಯಬಾರದೆಂಬ ಕಾನೂನು ಇಲ್ಲ, ಜಾಗರೂಕತೆಯಿಂದ ತೆಗೆದವರನ್ನು ಹೊಣೆ ಮಾಡುವ ಸಂಭವ ಕಡಿಮೆ ಎಂದು ಸರ್ಕಾರದ ಮಾರ್ಗಸೂಚಿಯೇ ತಿಳಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2015ರ ಕಾಯ್ದೆಯೊಂದು, ಸಮಾಜದ ಹಿತಕ್ಕಾಗಿ ಆ ವ್ಯಕ್ತಿ ಕೆಲಸ ಮಾಡುತ್ತಿದ್ದನೇ ಎಂಬುದನ್ನು ನ್ಯಾಯಾಲಯ ಗಮನಿಸಬೇಕೆಂದು ವಿಧಿಸಿದೆ. ನೀರು ಸುರಿದು ದಾರಿಯನ್ನು ಮೊದಲಿಗಿಂತ ಅಪಾಯಕಾರಿ ಮಾಡಿದವರಿಗೆ ಮಾತ್ರ ಚಿಂತೆಗೆ ಕಾರಣವಿದೆ.

ನೀವು ಹೊರಡುವಾಗ ಅಡಿ ಸವೆದ ಬೂಟುಗಳನ್ನು ಇಲ್ಲಿಯೇ ಬಿಟ್ಟು, ಆಳವಾದ ಗೆರೆಗಳುಳ್ಳ ರಬ್ಬರಿನ ಅಡಿಯ ಬೂಟುಗಳನ್ನು ಅಲ್ಲಿ ಹೋದೊಡನೆ ಕೊಂಡುಕೊಳ್ಳಿರಿ. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳ ದಾಟುವಾಗ ಹೇಗೋ ಹಾಗೆಯೇ, ಹೆಜ್ಜೆ ಗಿಡ್ಡವಾಗಿರಲಿ, ಪಾದ ಪೂರ್ತಿಯಾಗಿ ನೆಲಕ್ಕೆ ಊರಲಿ. ಕೈಗವಸು ಧರಿಸಿದರೆ ಕೈಗಳನ್ನು ಕೋಟಿನ ಜೇಬಿನಲ್ಲಿ ಇಡಬೇಕಾಗುವುದಿಲ್ಲ, ಜಾರಿದಾಗ ಆಧಾರಕ್ಕೆ ಸಿಗುವುದು ಅವೇ. ಸೀರೆಯ ನೆರಿಗೆ ಸ್ವಲ್ಪ ಮೇಲಿರಲಿ.

ಪ್ರಶ್ನೆ: ಶಿಕಾಗೋದಲ್ಲಿ ಓದುತ್ತಿದ್ದೇನೆ. ಹಿಮ ತೆಗೆಯುವ ಸೇವೆಗೆ ಸೇರುವುದು ಹೇಗೆ? ತೀವ್ರ ಚಳಿಯಲ್ಲಿ ಉಪ್ಪು ನಾಟುವುದಿಲ್ಲವೇಕೆ?
— ವಿದ್ಯಾರ್ಥಿ

ಉತ್ತರ: ನಿಮ್ಮ ನಗರದಲ್ಲಿ ಫುಟ್‌ಪಾತ್ ತೆರವು ಮಾಡುವುದು ಪಕ್ಕದ ಆಸ್ತಿಯ ಮಾಲೀಕರ ಕಾನೂನುಬದ್ಧ ಕರ್ತವ್ಯ. ಕನಿಷ್ಠ ಐದು ಅಡಿ ಅಗಲದ ದಾರಿಯಿರಬೇಕು. ಅದಕ್ಕೆ ಶಕ್ತಿಯಿಲ್ಲದ ವೃದ್ಧರಿಗೂ ಅಂಗವಿಕಲರಿಗೂ ನೆರವಾಗಲು ನಗರಾಡಳಿತವೇ ‘ಸ್ನೋ ಕೋರ್’ ಎಂಬ ಹೆಸರಿನಲ್ಲಿ ಸ್ವಯಂಸೇವಕರನ್ನು ಜೋಡಿಸುತ್ತದೆ, ನಗರದ ಸಹಾಯವಾಣಿ 311ಕ್ಕೆ ಕರೆ ಮಾಡಿ ವಿಚಾರಿಸಿರಿ. ಸಾಮಾನ್ಯ ಉಪ್ಪು ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಹಳ ನಿಧಾನವಾಗುತ್ತದೆ. ಅಂಥ ದಿನ ಇನ್ನಷ್ಟು ಉಪ್ಪು ಸುರಿಯುವ ಬದಲು ಮರಳನ್ನೋ ಹೆಚ್ಚಿನ ಚಳಿಯಲ್ಲಿಯೂ ಕೆಲಸ ಮಾಡುವ ಕ್ಯಾಲ್ಸಿಯಂ ಕ್ಲೋರೈಡನ್ನೋ ಹಾಕಿರಿ. ನೀರಿಗೆ ಸೇರಿದ ಕ್ಲೋರೈಡ್ ತಾನಾಗಿ ನಾಶವಾಗುವುದಿಲ್ಲ, ಹೊಳೆ ಕೆರೆಗಳಲ್ಲಿ ವರ್ಷದಿಂದ ವರ್ಷಕ್ಕೆ ಸೇರುತ್ತಲೇ ಹೋಗುತ್ತದೆ. ನೆಲ ಒಣಗಿದ ಬಳಿಕ ಉಪ್ಪಿನ ಹರಳುಗಳು ಉಳಿದಿದ್ದರೆ ಗುಡಿಸಿ ಡಬ್ಬಕ್ಕೆ ತುಂಬಿಟ್ಟು ಮುಂದಿನ ಸಲಕ್ಕೆ ಬಳಸಿರಿ.