ಗಂಡನಿಗೆ ನಾಲ್ಕನೇ ಹಂತದ ಕ್ಯಾನ್ಸರ್. ನಾನು ಭರವಸೆ ಕಳೆದುಕೊಳ್ಳದೆ ಅವರ ಜೊತೆ ನಿಲ್ಲುವುದು ಹೇಗೆ?

"ಅವರ ಎದುರು ಒಂದು ದಿನವೂ ಅತ್ತಿಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ಫೋನು ಕೆಳಗಿಟ್ಟುಬಿಟ್ಟೆ. ನಾನೂ ಅತ್ತಿರಲಿಲ್ಲ. ಆರು ತಿಂಗಳು.

ನಮ್ಮನೆಯವರಿಗೆ ಶ್ವಾಸಕೋಶದ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೇ ಬೆನ್ನುಮೂಳೆಗೆ ಹರಡಿತ್ತು. ರಿಪೋರ್ಟ್ ಹಿಡಿದು ಮನೆಗೆ ಬಂದ ದಿನವೇ ನಿರ್ಧಾರ ಮಾಡಿದೆ, ಈ ಮನೆಯಲ್ಲಿ ಇನ್ನು ಕೆಟ್ಟ ಮಾತು ಯಾರೂ ಆಡಕೂಡದು ಅಂತ. ನೋಡಲು ಬಂದವರಿಗೆ ಬಾಗಿಲಲ್ಲೇ ತಾಕೀತು ಮಾಡುತ್ತಿದ್ದೆ. ಸ್ಟೀಫನ್ ಜೇ ಗೌಲ್ಡ್ ಅನ್ನುವ ವಿಜ್ಞಾನಿಯ ಕತೆ ಯಾರೋ ಹೇಳಿದರು. 1982ರಲ್ಲಿ ಅವರಿಗೆ ಮೆಸೊಥೀಲಿಯೋಮಾ ಅನ್ನುವ ಕ್ಯಾನ್ಸರ್ ಬಂತು. ಆಗ ಆ ಕಾಯಿಲೆ ಬಂದವರಲ್ಲಿ ಅರ್ಧದಷ್ಟು ಜನ 8 ತಿಂಗಳೊಳಗೆ ತೀರಿಕೊಳ್ಳುತ್ತಿದ್ದರು. ಅವರು 20 ವರ್ಷ ಬದುಕಿದರು. ಇದನ್ನು ಇವರಿಗೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಆ 8 ತಿಂಗಳೂ ದಾಟದ ಅರ್ಧ ಜನರ ಸುದ್ದಿ ಮಾತ್ರ ಎತ್ತಲಿಲ್ಲ.

ನನ್ನ ತಪ್ಪು ಯಾವುದು ಅಂತ ಬಿಡಿಸಿ ಹೇಳುತ್ತೇನೆ, ನೀವೂ ಅದರ ಹೊಸ್ತಿಲಲ್ಲೇ ನಿಂತಂತೆ ಕಾಣುತ್ತದೆ. ಎರಡನೇ ತಿಂಗಳಲ್ಲಿ ಡಾಕ್ಟರು ಒಂದು ಚೀಟಿ ಬರೆದುಕೊಟ್ಟು, "ಪ್ಯಾಲಿಯೇಟಿವ್ ಕೇರ್‌ನವರನ್ನೂ ಒಮ್ಮೆ ನೋಡಿಬಿಡಿ" ಅಂದರು. ದೊಡ್ಡ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡಿ ನೋಡಿಕೊಳ್ಳುವವರು ಅವರು. ನನಗೆ ಎದೆ ಧಸಕ್ಕೆಂದಿತು. ಆ ಹೆಸರು ಕೇಳಿದರೆ ಇನ್ನೇನೂ ಉಳಿದಿಲ್ಲ, ಕೈಚೆಲ್ಲಿದರು ಅಂತಲೇ ನನ್ನ ತಿಳಿವಳಿಕೆ. "ನಾವಿನ್ನೂ ಅಲ್ಲಿಗೆ ಬಂದಿಲ್ಲ ಡಾಕ್ಟ್ರೇ" ಅಂದೆ, ಇವರ ಮುಂದೆಯೇ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ಒಳಜೇಬಿಗೆ ತುರುಕಿದೆ. ಅಲ್ಲಿಗೆ ಹೋದರೆ ಮಾರ್ಫಿನ್ ಅನ್ನುವ ಬಲವಾದ ನೋವಿನ ಔಷಧಿ ಕೊಡುತ್ತಾರೆ, ಮಾರ್ಫಿನ್ ಅಂದರೆ ಕೊನೆ, ಅದು ಗೊತ್ತಾದರೆ ಇವರ ಧೈರ್ಯ ಕುಸಿಯುತ್ತದೆ ಎಂದು ಒಂದರ ಹಿಂದೊಂದು ಪೋಣಿಸಿಕೊಂಡಿದ್ದೆ. ನೋವು ಹೇಗಿದೆ ಅಂತ ಕೇಳಿದಾಗಲೆಲ್ಲ ಇವರು "ಪರವಾಗಿಲ್ಲ, ತಡ್ಕೋಬಹುದು" ಅನ್ನುತ್ತಿದ್ದರು. ನಾನು ನಂಬುತ್ತಿದ್ದೆ. ನಂಬುವುದು ನನಗೆ ಬೇಕಾಗಿತ್ತು.

ನಾಲ್ಕು ತಿಂಗಳು ಹೀಗೇ ಹೋಯಿತು. ಒಂದು ಬೆಳಿಗ್ಗೆ ಒಣಗಿದ ಬಟ್ಟೆ ಮಡಿಸುತ್ತಿದ್ದೆ. ಇವರು ರಾತ್ರಿ ದಿಂಬಿನ ಪಕ್ಕ ಇಟ್ಟುಕೊಳ್ಳುತ್ತಿದ್ದ ಟವೆಲ್ಲು ಕೈಗೆ ಬಂತು. ಒಂದು ಮೂಲೆ ಪೂರ್ತಿ ಸವೆದುಹೋಗಿತ್ತು, ನೂಲು ಎದ್ದು ಸಣ್ಣ ಸಣ್ಣ ತೂತು. ಇಲಿ ಕಡಿದಿದೆ ಅಂದುಕೊಂಡೆ. ಬೆಳಕಿಗೆ ಹಿಡಿದು ನೋಡಿದರೆ ಹಲ್ಲಿನ ಗುರುತು.

ಪಕ್ಕದಲ್ಲೇ ಮಲಗಿದ್ದ ನನಗೆ ಕೇಳಿಸಬಾರದು ಅಂತ ಅವರು ರಾತ್ರಿಯೆಲ್ಲ ಆ ಟವೆಲ್ಲು ಕಚ್ಚಿಕೊಂಡಿರುತ್ತಿದ್ದರು. ಯಾಕ್ರೀ ಹೇಳಲಿಲ್ಲ ಅಂದೆ. "ನೀನು ಅಷ್ಟೊಂದು ನಂಬ್ಕೊಂಡಿದ್ದೆ. ಹೇಳಕ್ಕೆ ಮನಸ್ಸು ಬರಲಿಲ್ಲ" ಅಂದರು. ಅವತ್ತು ಇಬ್ಬರೂ ಅತ್ತೆವು.

ಆ ವಾರವೇ ಚೀಟಿ ಹುಡುಕಿ ಹೊರಟೆವು. ಅಲ್ಲಿನ ಡಾಕ್ಟರಮ್ಮ ಒಂದು ಗಂಟೆ ಕೂತು ಕೇಳಿದರು. ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ, ಗಡಿಯಾರ ನೋಡಿ. ನೋವು ಏರುವ ತನಕ ಕಾಯುವಂತಿಲ್ಲ, ನಡುವೆ ನೋವು ನುಗ್ಗಿದರೆ ಅದಕ್ಕೆ ಬೇರೆ ಡೋಸ್. ಮಲಬದ್ಧತೆ ಆಗಿಯೇ ಆಗುತ್ತದೆ ಅಂತ ಮೊದಲ ದಿನದಿಂದಲೇ ಅದಕ್ಕೂ ಔಷಧಿ. ಬೆನ್ನುಮೂಳೆಯ ನೋವಿಗೆ ಒಂದೇ ಸಲದ ರೇಡಿಯೇಷನ್ ಕೊಡಿಸಿದರು. ಎರಡು ದಿನ ಮಂಪರಿತ್ತು. ಮೂರನೇ ದಿನ ಎದ್ದು ಕೂತು, "ಅಲ್ಮೇರಾದಲ್ಲಿರೋ ಹಳೇ ಫೋಟೋ ತಗೊಂಡ್ ಬಾ, ಹಿಂದೆ ಹೆಸರು ಬರೆದಿಡ್ತೀನಿ" ಅಂದರು. ಕೀಮೋ ಅದರ ಪಾಡಿಗೆ ಅದು ನಡೆಯುತ್ತಲೇ ಇತ್ತು. ಎರಡೂ ಒಟ್ಟಿಗೆ ನಡೆಯಬಹುದು ಅನ್ನುವುದೇ ನನಗೆ ತಿಳಿದಿರಲಿಲ್ಲ.

ಆಮೇಲೆ ಓದಿದ್ದು: 2010ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. ಇವರ ಹಾಗೆಯೇ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನ. ಶುರುವಿನಿಂದಲೇ ಪ್ಯಾಲಿಯೇಟಿವ್ ಕೇರ್ ಸಿಕ್ಕವರಲ್ಲಿ ಖಿನ್ನತೆ ಕಡಿಮೆ ಇತ್ತು. ಅವರಲ್ಲಿ ಅರ್ಧದಷ್ಟು ಜನ 11.6 ತಿಂಗಳು ದಾಟಿ ಬದುಕಿದರು, ಬರೀ ಮಾಮೂಲಿ ಚಿಕಿತ್ಸೆ ಸಿಕ್ಕವರಲ್ಲಿ ಅರ್ಧ ಜನ ದಾಟಿದ್ದು 8.9 ತಿಂಗಳು. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾಗಿ ನೀವು ಕೇಳಿದ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ ತಂಗಿ. ನಿಮ್ಮ ಭರವಸೆ ಉಳಿಸಲು ನಿಮ್ಮ ಯಜಮಾನರು ಏನೇನು ನುಂಗಿಕೊಂಡಿದ್ದಾರೆ, ಮೊದಲು ಅದನ್ನು ನೋಡಿ. ಕೌನ್ಸೆಲರ್ ಹತ್ತಿರ ಹೋಗಲಾ, ಸಪೋರ್ಟ್ ಗ್ರೂಪ್ ಸೇರಲಾ ಅಂತ ಕೇಳಿದ್ದೀರಿ. ಎರಡೂ ಒಳ್ಳೆಯದೇ, ಹೋಗಿ. ಆದರೆ "ಪಾಸಿಟಿವ್ ಆಗಿರಿ" ಅಂತ ಅವರಿಗೆ ಹೇಳುವುದನ್ನು ಇವತ್ತೇ ಬಿಡಿ. ನಮ್ಮವರು ಆಮೇಲೆ ಐದು ತಿಂಗಳಿದ್ದರು. ಆಗಲೂ ನನ್ನಲ್ಲಿ ಆಸೆಯಿತ್ತು. ಈ ರಾತ್ರಿ ಆರು ಗಂಟೆ ನಿದ್ದೆ ಬರಲಿ, ನಾಳೆ ಇನ್ನು ಹತ್ತು ಫೋಟೋಕ್ಕೆ ಹೆಸರು ಬರೆಯಲಿ, ಇಷ್ಟೇ. ಹೆಚ್ಚು ಸಲ ಅದು ಈಡೇರಿತು.

ಇವತ್ತು ರಾತ್ರಿ ದೀಪ ಆರಿಸಿದ ಮೇಲೆ, ನಿನ್ನೆ ಎಷ್ಟು ಹೊತ್ತು ಎಚ್ಚರ ಇದ್ರಿ ಅಂತ ಕೇಳಿ. "ಪರವಾಗಿಲ್ಲ" ಅಂದರೆ ಇನ್ನೊಮ್ಮೆ ಕೇಳಿ, ಕೈ ಹಿಡಿದುಕೊಂಡು ಸುಮ್ಮನಿರಿ. ಅಳು ಬಂದರೆ ಎದ್ದು ಆಚೆ ಹೋಗಬೇಡಿ.